ಚುಕ್ಕೆಯಿಲ್ಲದ ಏಳನೇ ಪುಟ

ಗುರುವಾರ, ಮಾರ್ಚ್ ೧೪

ಪೊಲೀಸರ ಮೇಲಿನ ದೂರು ವಿಚಾರಿಸುವ ನಮ್ಮ ನಗರಸಭೆಯ ನಿಯಮ ಇವತ್ತು ಪಾಸಾಯಿತು. ಮೂರು ತಿಂಗಳಿಂದ ಅದರ ಮೇಲೆ ಕೆಂಡ ಕಾರುತ್ತಿದ್ದ ಇನ್ಸ್‌ಪೆಕ್ಟರೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಆಗಲೇ ನನಗೆ ಗುಮಾನಿ ಬಂತು.

ಸಭೆ ಮುಗಿದ ಮೇಲೆ ಕಡತ ತೆಗೆದು ನೋಡಿದೆ. ಟೈಪ್ ಮಾಡಿ ತಾಳೆ ನೋಡಿದ ಪ್ರತಿ ಪುಟದ ಮೂಲೆಯಲ್ಲೂ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುವುದು ನನ್ನ ಹಳೆಯ ಅಭ್ಯಾಸ. ಏಳನೇ ಪುಟದಲ್ಲಿ ಚುಕ್ಕೆ ಇಲ್ಲ. ನಾನು ಟೈಪೇ ಮಾಡದ ಸಾಲೊಂದು ಅಲ್ಲಿದೆ: ದೂರಿಗೆ ಆಯಾ ಠಾಣಾಧಿಕಾರಿಯ ಒಪ್ಪಿಗೆ ಇರತಕ್ಕದ್ದು. ಹೊಡೆದವನನ್ನೇ ಕೇಳಿಕೊಂಡು ಅಳಬೇಕಂತೆ!

ಅಧ್ಯಕ್ಷರಿಗೆ ಹೇಳೋಣವೆಂದರೆ, ಅವರೂ ಶಾಮೀಲಾಗಿದ್ದರೆ? ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ. ಆ ಕಡತ ಕಚೇರಿಯಿಂದ ಹೊರಗಿದ್ದದ್ದು ಒಂದೇ ರಾತ್ರಿ. ಮೊನ್ನೆ ಸೋಮವಾರ, ನನ್ನ ಚೀಲದಲ್ಲಿ, ಇದೇ ಮನೆಯಲ್ಲಿ.

ಅದೇ ಇನ್ಸ್‌ಪೆಕ್ಟರ ಕೈಕೆಳಗೆ ಕೆಲಸ ಮಾಡುವ ನಮ್ಮ ಯಜಮಾನರು ಠಾಣೆಯಿಂದ ಬಂದು ಊಟಕ್ಕೆ ಕೂತು, ತಟ್ಟೆಯಿಂದ ಕಣ್ಣೆತ್ತದೆ ಕೇಳಿದರು: "ಏಳನೇ ಪುಟದ ಬಗ್ಗೆ ಯಾರಾದ್ರೂ ಕ್ಯಾತೆ ತೆಗೆದ್ರಾ?"

"ಇಲ್ಲಾರೀ, ಯಾರೂ ಓದೇ ಇಲ್ಲ" ಅಂದೆ.

ನಾನು ಇವರಿಗೆ ಯಾವ ಪುಟದ ಮಾತೂ ಎತ್ತಿರಲಿಲ್ಲ. ಹದಿನೆಂಟು ವರ್ಷ ಒಟ್ಟಿಗೆ ಬಾಳಿದ್ದೇವೆ. ಒಳಗಿನಿಂದ ಗೊರಕೆ ಕೇಳಿಸುತ್ತಿರುವಷ್ಟು ಹೊತ್ತು ಮಾತ್ರ ಇದನ್ನು ಬರೆಯಬಹುದು ಅಂದುಕೊಂಡು ಕೂತಿದ್ದೆ.

ಈಗ ನಿಂತಿತು.