ಐದು ಕಿಲೋಗಿಂತ ಭಾರದ್ದು

ಮಾರ್ಚ್ 4, ಬೆಳಿಗ್ಗೆ 7
ಇಂದು 65 ಎಂಎಲ್. ನಿನ್ನೆ 70. ಬಣ್ಣ ತಿಳಿಗೆಂಪು. ಹೊಟ್ಟೆಯ ಗಾಯದಿಂದ ನೀರು ಇಳಿಸುವ ಡ್ರೇನ್‌ನ ಬಲ್ಬು ಬಿಚ್ಚಿ ಅಳತೆಯ ಲೋಟಕ್ಕೆ ಸುರಿದು, ಮತ್ತೆ ಹಿಂಡಿ ಮುಚ್ಚಿದೆ. ಎಷ್ಟು ಬಂತೆಂದು ಬರೆದಿಡಿ ಅಂದಿದ್ದರು ಸಿಸ್ಟರ್. ಅವರು ಹೇಳಿದ್ದು ಅಷ್ಟೇ. ಉಳಿದದ್ದು ನಾನಾಗಿ ಬರೆಯುತ್ತಿರುವುದು. ನೋಡಿಕೊಳ್ಳಲು ಬಂದಿದ್ದ ನಾದಿನಿ ಮೊನ್ನೆ ಊರಿಗೆ ಹೊರಟಳು. ಇವರು ಐದಕ್ಕೇ ಬಸ್ಸಿನ ಡ್ಯೂಟಿಗೆ ಹೋದರು. ಮೂರು ಗಂಟೆವರೆಗೆ ಮನೆಯಲ್ಲಿ ನಾನು, ಅತ್ತೆ.

ಆಪರೇಷನ್ ಆಗಿ ಹನ್ನೊಂದು ದಿನ. ಹಳೆಯ ಸಿಜೇರಿಯನ್ ಹೊಲಿಗೆಯ ಜಾಗದಲ್ಲೇ ಹರ್ನಿಯಾ. ಒಳಗೆ ಬಲೆಯಂಥದ್ದು ಇಟ್ಟು ಹೊಲಿದಿದ್ದಾರೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಒದ್ದೆ ಬೆಡ್‌ಶೀಟ್ ಎತ್ತಿದ್ದೀರಲ್ಲ, ಇನ್ನೇನಾಗುತ್ತೆ ಅಂದರು ಡಾಕ್ಟರ್. ಇನ್ನು ಮೂರು ತಿಂಗಳು ಐದು ಕಿಲೋಗಿಂತ ಭಾರದ್ದು ಎತ್ತುವ ಹಾಗಿಲ್ಲ.

ಅತ್ತೆ ನಲವತ್ತೆಂಟು ಕಿಲೋ.

ಮಾರ್ಚ್ 5
60.
ಅತ್ತೆಗೆ ಸೊಂಟದ ಮೂಳೆ ಮುರಿದು ಎರಡು ವರ್ಷ. ಮಂಚದಿಂದ ಕಮೋಡ್ ಕುರ್ಚಿಗೆ ಎರಡೇ ಅಡಿ. ಕಂಕುಳಿಗೆ ಕೈ ಕೊಟ್ಟು ಎತ್ತಿ, ತಿರುಗಿಸಿ, ಕೂರಿಸಬೇಕು. ಬೆಳಿಗ್ಗೆ ಇವರೇ ಕೂರಿಸಿ ಹೋಗುತ್ತಾರೆ. ಮೂರಕ್ಕೆ ಬಂದು ಮತ್ತೆ. ನಡುವೆ ಅಮ್ಮ ತಡೆದುಕೊಳ್ಳುತ್ತಾಳೆ ಎಂದು ನಂಬಿದ್ದಾರೆ. ಗಂಡಸರ ಲೆಕ್ಕಾಚಾರ. ಹೊರಗಿನವರನ್ನು ಕರೆಯೋಣ ಅಂದರೆ ಅತ್ತೆ ಒಪ್ಪರು. ಡೈಪರ್ ಅಂದರೆ ಮುಖ ಗೋಡೆ ಕಡೆಗೆ. "ನಾನೇನು ಕೂಸಾ?"
ಹನ್ನೊಂದಕ್ಕೆ ಕರೆದರು. ಹೊಟ್ಟೆಗೆ ಕಟ್ಟಿದ ಬೆಲ್ಟು ಬಿಗಿ ಮಾಡಿಕೊಂಡು ಹೋದೆ.
"ಎತ್ತಬೇಡ ಅಂದಿದ್ರಲ್ವೇನೆ ಡಾಕ್ಟ್ರು?"
"ಹಗುರವಾದ್ದು ಎತ್ತಬಹುದು ಅಂದಿದ್ದಾರೆ ಅತ್ತೆ. ನೀವೇನು ಮಹಾ ಭಾರ."
ಎತ್ತಿದೆ. ಏನೂ ಆಗಲಿಲ್ಲ. ಮತ್ತೆ ಒಂದು ಗಂಟೆಗೆ.

ಮಾರ್ಚ್ 10
25 ಎಂಎಲ್. ಡ್ರೇನ್ ತೆಗೆದರು. ಎಳೆಯುವಾಗ ಒಳಗಿನಿಂದ ಯಾರೋ ದಾರ ಬಿಚ್ಚಿದ ಹಾಗಾಯಿತು. ಸೀರೆಯೊಳಗೆ ಬಲ್ಬು ಬಚ್ಚಿಟ್ಟುಕೊಂಡು ಓಡಾಡುವುದು ತಪ್ಪಿತು.

ಮಾರ್ಚ್ 17
ಒಂದು ವಾರ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ ಎಂದಲ್ಲ.
ಹೊಕ್ಕುಳ ಕೆಳಗೆ ಊತ. ಒತ್ತಿದರೆ ನೀರು ತುಂಬಿದ ಚೀಲದಂತೆ ಅಲುಗುತ್ತದೆ. ಸೂಜಿ ಹಾಕಿ 80 ಎಂಎಲ್ ಎಳೆದರು. ಎಡತುದಿಯಲ್ಲಿ ಗಾಯ ಬಾಯಿ ಬಿಟ್ಟಿದೆ — ಉಗುರಿನಷ್ಟು. ಅಲ್ಲಿಂದಲೂ ಒಸರುತ್ತಿದೆ.
"ಕೀವಲ್ಲ. ಆದ್ರೆ ಇಷ್ಟು ಹೊತ್ತಿಗೆ ಒಣಗಬೇಕಿತ್ತು" ಎಂದರು ಡಾಕ್ಟರ್. "ಮನೇಲಿ ಏನಾದ್ರೂ ಎತ್ತುತ್ತಾ ಇದೀರಾ?"
"ಇಲ್ಲ ಡಾಕ್ಟ್ರೇ."
ಸಿಸ್ಟರ್ ನನ್ನ ಮುಖ ನೋಡಿದರು.

ಮಾರ್ಚ್ 18
ದಿನಾ ಗಾಯದೊಳಗಿನ ಗಾಜ್ ಬಟ್ಟೆ ಬದಲಿಸಬೇಕು. ಇವರೇ ಮಾಡುತ್ತೇನೆಂದು ಕೂತರು. ತುಂಬಿದ ರಸ್ತೆಯಲ್ಲಿ ಬಸ್ಸು ನುಗ್ಗಿಸುವ ಮನುಷ್ಯ, ಪಟ್ಟಿ ಬಿಚ್ಚಿದ ಕೂಡಲೇ ಬೆವರಿ, ಕಿಟಕಿ ಹಿಡಿದುಕೊಂಡು ನಿಂತರು. ನಗಬೇಕೆನಿಸಿತು. ನಕ್ಕರೆ ಹೊಟ್ಟೆ ಎಳೆಯುತ್ತದೆ. ಕೊನೆಗೆ ಮುಗಿಸಿದರು.
ಆಮೇಲೆ ಅತ್ತೆಯ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು — "ಗಾಯ ಮಾಯ್ತಾನೇ ಇಲ್ಲಮ್ಮ. ಸ್ವಲ್ಪ ಭಾರ ಎತ್ತಿದ್ರೂ ಒಳಗಿನ ಹೊಲಿಗೆ ಕೀಳತ್ತಂತೆ. ಮತ್ತೆ ಕುಯ್ಯಬೇಕಾಗತ್ತೆ."


ಮಾರ್ಚ್ 22
ಗಾಜ್ ಕಡಿಮೆ ನೆನೆಯುತ್ತಿದೆ. ಅತ್ತೆ ಈಗ ಹಗಲಲ್ಲಿ ಕರೆಯುವುದೇ ಇಲ್ಲ. ಎರಡು ಸಲ ನಾನೇ ಹೋಗಿ ಕೇಳಿದೆ. "ಬೇಡ, ಹೋಗು." ಸಿಟ್ಟಿರಬೇಕು. ಒಳಗೊಳಗೇ ನೆಮ್ಮದಿಯೂ ಆಯಿತು, ಸುಳ್ಳೇಕೆ ಹೇಳಲಿ.

ಮಾರ್ಚ್ 24, ಮಧ್ಯಾಹ್ನ
 ಇದನ್ನು ಬರೆದಿಡಲೇಬೇಕು.
ಬೆಳಿಗ್ಗೆ ಅತ್ತೆಯ ಹಾಸಿಗೆ ಬಟ್ಟೆ ನೆನೆಸಲು ತೆಗೆದೆ. ಅಂಚಿನಲ್ಲಿ ಅಂಗೈಯಗಲದ ಕಲೆ. ಗಾಢ ಹಳದಿ, ಕಂದು ಬಣ್ಣಕ್ಕೆ ಹತ್ತಿರ. ಘಾಟು. ಇಂಥ ಕಲೆ ಎಷ್ಟು ಒಗೆದಿದ್ದೇನೆ... ಮೈಯಲ್ಲಿ ನೀರಿಲ್ಲದವರ ಕಲೆ ಇದು.
ನಾನು ದಿನಾ ತುಂಬಿಸಿಡುವ ನೀರಿನ ಹೂಜಿ ನೋಡಿದೆ. ಕಂಠದವರೆಗೆ ಹಾಗೇ ಇದೆ. ಅತ್ತೆಯ ತುಟಿ ಒಡೆದಿದೆ. ಕೈಯ ಚರ್ಮ ಚಿವುಟಿದರೆ ಹಾಗೇ ನಿಲ್ಲುತ್ತದೆ.
"ಯಾವತ್ತಿಂದ ನೀರು ಕುಡೀತಿಲ್ಲ ಅತ್ತೆ?"
"ಕುಡೀತೀನಿ. ಅವನು ಬಂದ ಮೇಲೆ."
"ಎಷ್ಟು?"
"ಮಾತ್ರೆ ನುಂಗೋವಷ್ಟು." ಕಣ್ಣು ಮುಚ್ಚಿಕೊಂಡರು. "ಕುಡಿದ್ರೆ ಕರೀಬೇಕಾಗತ್ತೆ. ಕರೆದ್ರೆ ನೀನು ಬರ್ತೀಯ. ನಿಂಗೆ ಬರಬೇಡ ಅಂದ್ರೆ ಕೇಳೋ ಬುದ್ಧಿ ಇಲ್ಲ. ನನ್ನ ಹತ್ರ ಸುಳ್ಳು ಬೇರೆ ಹೇಳಿದೀಯ."
ಮಂಚದ ಅಂಚಿನಲ್ಲಿ ಕೂತು ಚಮಚದಲ್ಲಿ ಕುಡಿಸಿದೆ. ಒಂದು ಲೋಟ ಮುಗಿಯಲು ಅರ್ಧ ಗಂಟೆ. ಮದುವೆಯಾಗಿ ಬಂದಾಗಿನಿಂದ ಈ ಹೆಂಗಸಿನ ಕೈಲಿ ಬೈಸಿಕೊಂಡಿದ್ದೇನೆ. ಒಂದು ಒಳ್ಳೆ ಮಾತು ಆಡಿದ್ದು ನೆನಪಿಲ್ಲ. ಇವತ್ತೂ ಆಡಲಿಲ್ಲ.

ಅದೇ ದಿನ, ಸಂಜೆ
ಇವರಿಗೆ ಎಲ್ಲ ಹೇಳಿದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಚಪ್ಪಲಿ ಕೂಡ ಬಿಚ್ಚದೆ ನಿಂತೇ ಇದ್ದರು. "ಇಬ್ಬರೂ ಸೇರ್ಕೊಂಡು ನಂಗೊಬ್ಬನಿಗೆ ಹೇಳಲಿಲ್ಲ" ಎಂದರು, ಅಷ್ಟೇ.

ಮಾರ್ಚ್ 26
ಡಾಕ್ಟರ ಹತ್ತಿರವೂ ಒಪ್ಪಿಕೊಂಡೆ. ಮತ್ತೆ 50 ಎಂಎಲ್ ತೆಗೆದರು. ಬಲೆ ಜರುಗಿಲ್ಲವಂತೆ — ಬದುಕಿಕೊಂಡೆ. ಗಾಯ ಅಡಿಯಿಂದ ತುಂಬಿಕೊಂಡು ಬರಬೇಕು, ಮೇಲೆ ಮುಚ್ಚಿದರೆ ಒಳಗೆ ಮತ್ತೆ ನೀರು ನಿಲ್ಲುತ್ತೆ, ಆತುರಪಡಬೇಡಿ ಎಂದರು.
ಹೊರಗೆ ಸಿಸ್ಟರ್ ಸಿಕ್ಕರು. "ವಾರ್ಡಲ್ಲಿ ಮಂಚದಿಂದ ಕುರ್ಚಿಗೆ ಜಾರೋ ಹಲಗೆ ಇರತ್ತಲ್ಲ. ನಿಮ್ಮ ಅತ್ತೆ ಕೈಯಲ್ಲಿ ಶಕ್ತಿ ಇದೆಯಾ?"
ಕೈಯಲ್ಲಿ ಶಕ್ತಿಯೇ? ಮೊನ್ನೆ ನೀರು ಕುಡಿಸುವಾಗ ನನ್ನಿಂದ ಚಮಚ ಕಿತ್ತುಕೊಂಡ ಕೈ.

ಏಪ್ರಿಲ್ 1
ಬಡಗಿ ಹಲಗೆ ತಂದ. ಮೂರಡಿ ಉದ್ದ. ಅಂಚೆಲ್ಲ ಉಜ್ಜಿ ಗಾಜಿನಂತೆ ನುಣುಪು ಮಾಡಿದ್ದಾನೆ. ಕುರ್ಚಿಯ ಒಂದು ಕೈ ತೆಗೆದು, ಮಂಚದಿಂದ ಅದಕ್ಕೆ ಸೇತುವೆ ಹಾಕಿದೆವು.
"ನಾನೇನು ಮೂಟೆನಾ, ಹಲಗೆ ಮೇಲೆ ಜಾರಿಸೋಕೆ?"
ಇವರು ಎರಡು ವಾರ ರಜೆ ಹಾಕಿದ್ದಾರೆ. ತಾವೇ ಜಾರಿ ತೋರಿಸಿದರು. ಇವರ ಹೊಟ್ಟೆ ಕುರ್ಚಿಯ ಇನ್ನೊಂದು ಕೈಗೆ ಸಿಕ್ಕಿಕೊಂಡಿತು. ಅತ್ತೆ ನಕ್ಕರು. ಗೋಡೆ ಕಡೆ ತಿರುಗಿ ನಕ್ಕರು, ಆದರೆ ನಕ್ಕರು.

ಏಪ್ರಿಲ್ 6
ಅತ್ತೆ ಹಲಗೆಯ ಅರ್ಧದವರೆಗೆ ಬಂದು ನಿಂತರು. ಹೆದರಿಕೆ. ಇವರು ಎತ್ತಿ ಕೂರಿಸಿದರು. "ಮುಟ್ಟಬೇಡ ಅಂದ್ನಲ್ಲ" ಎಂದು ಅಮ್ಮನಿಂದ ಬೈಸಿಕೊಂಡರು.
ನನ್ನ ಗಾಯಕ್ಕೆ ಗಾಜ್ ಈಗ ಕಿರುಬೆರಳಿನಷ್ಟು ಸಾಕು. ಅಡಿಯಲ್ಲಿ ಕೆಂಪಗೆ ಹೊಸ ಮಾಂಸ ಬರುತ್ತಿದೆ. ಪಟ್ಟಿ ಬಿಚ್ಚುವಾಗ ಇವರಿಗೆ ಬೆವರು ಬರುವುದಿಲ್ಲ.

ಏಪ್ರಿಲ್ 16, ಬೆಳಿಗ್ಗೆ 11
ಗಾಜ್ ಒಣ. ಎರಡನೇ ದಿನ.
ಇವರ ರಜೆ ಮುಗಿಯಿತು. ನಾನು, ಅತ್ತೆ. ಹೂಜಿಯ ನೀರು ಅರ್ಧಕ್ಕೆ ಇಳಿದಿದೆ. ಈಗಷ್ಟೇ ಹಲಗೆ ಇಟ್ಟುಕೊಟ್ಟು ಬಂದೆ. ಬಾಗಿಲಾಚೆ ಕೂತಿರಬೇಕು, ಒಳಗೆ ಕಾಲಿಡಬಾರದು ಎಂದು ಅಪ್ಪಣೆಯಾಗಿದೆ. ಸುಮ್ಮನೆ ಕೂತರೆ ಕೈ ತಡೆಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.
ಮಂಚ ಕಿರುಗುಟ್ಟಿತು. ಉಸಿರು ಎಳೆದುಕೊಳ್ಳುವುದು ಕೇಳಿಸುತ್ತಿದೆ. ಹಲಗೆಯ ಸದ್ದು. ನಿಂತಿತು.
ಏಳಬಾರದು.
ಮತ್ತೆ ಹಲಗೆ. ಸ್ವಲ್ಪ... ಇನ್ನೂ ಸ್ವಲ್ಪ... ಧಪ್ಪೆಂದಿತು. ಕುರ್ಚಿಯ ಸದ್ದೋ, ನೆಲದ್ದೋ...
"ಕೂತೆ ಕಣೆ. ಬರೆದಿದ್ದು ಸಾಕು, ಬಂದು ನೋಡು."
ಹೋಗಿ ನೋಡುತ್ತೇನೆ.