ಅಕ್ಕಿ ಡ್ರಮ್ಮಿನ ಹಿಂದಿನ ಬಾಟಲಿ

ಶೆವ್ವಾಪೇಟೆ, ಸೇಲಂ
24-11-1996, ಭಾನುವಾರ

ಪ್ರೀತಿಯ ತಂಗಿ ವಾರಿಜಳಿಗೆ ಅಕ್ಕ ಕಮಲಿನಿಯ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯೆ ಎಂದು ಕೇಳುವುದಕ್ಕೂ ಎರಡು ವಾರ ತಡ ಮಾಡಿದ್ದೇನೆ, ಬೈಯಬೇಡ. ನಿನ್ನ ಕಾರ್ಡು ಕೈಗೆ ಬಂದಿದ್ದೇ ದೀಪಾವಳಿ ಮುಗಿದ ಮೇಲೆ. ಹಬ್ಬದ ಟಪಾಲಿನ ರಾಶಿಯಲ್ಲಿ ಎಲ್ಲಿ ಸಿಕ್ಕಿಕೊಂಡಿತ್ತೋ ಏನೋ, ನಿನ್ನ ನಲ್ಲಂಪಳ್ಳಿಯಿಂದ ಯಾರಾದರೂ ನಡೆದುಕೊಂಡು ತಂದುಕೊಟ್ಟಿದ್ದರೂ ಇದಕ್ಕಿಂತ ಬೇಗ ಬರುತ್ತಿತ್ತು. ಆಮೇಲೆ ಬೀಗರು ಹೊರಟರು, ಪಾತ್ರೆ ತೊಳೆಯುವವಳು ರಜ ಹಾಕಿದಳು, ನನ್ನ ಮಂಡಿನೋವು ಎದ್ದು ಕೂತಿತು. ನೆಪಗಳಿಗೇನು ಬರವೇ?

ಮೊದಲು ನಿನ್ನ ವಿಷಯ. ನಿನ್ನ ಗದ್ದೆ ನೋಡಿಕೊಳ್ಳುವ ತಿಮ್ಮಪ್ಪ ಹಬ್ಬದ ಹಿಂದಿನ ದಿನ ಲೇಹ್ಯದ ಬಾಟಲಿ ತಂದುಕೊಟ್ಟನಲ್ಲ, ಕಾಫಿ ಕುಡಿಯುತ್ತಾ ಎಲ್ಲ ಹೇಳಿದ. "ಅಮ್ಮಾವ್ರು ಒತ್ತಿಗೊಂದು ಲೋಟ ಮಜ್ಜಿಗೆ ಕುಡ್ಕಂಡು ಕುಂತವ್ರೆ. ಅನ್ನಾನೇ ಮಾಡ್ಕಳಾಕಿಲ್ಲ. ಈ ಲೇಗ್ಯಕ್ಕೆ ಮಾತ್ರ ಎರಡು ದಿನ ಒಲೆ ಅಚ್ಚವ್ರೆ. ಮೊದಲೆಲ್ಲ ನಮ್ಮನ್ನ ನಿಲ್ಲಿಸ್ಕಂಡು ಬೈತಿದ್ರು, ಇವಾಗ ಬೈಯೋದೂ ಇಲ್ಲ, ರೊಂಬ ಕಷ್ಟ ಆಯ್ತೈತೆ" ಅಂದ. ನೀನು ಬೈಯುವುದಿಲ್ಲ ಎಂದು ಕೇಳಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ವಾರಿಜಾ, ಏಕಾದಶಿ ಬಿಟ್ಟು ಬೇರೆ ಉಪವಾಸ ಬೇಡ. ಒಬ್ಬಳಿಗೆ ಏನು ಅಡುಗೆ ಎನ್ನಬೇಡ, ಒಂದು ಹಿಡಿ ಅಕ್ಕಿ ಇಟ್ಟರೆ ಆಯಿತು. ಚಳಿ ಶುರುವಾಗಿದೆ, ತಣ್ಣೀರು ಸ್ನಾನ ಬಿಡು. ಸಂಜೆ ಹೊತ್ತು ಒಳಗೆ ಕೂರದೆ ಪಕ್ಕದ ಸಪ್ಪಲಮ್ಮನ ಮನೆ ಜಗಲಿಗಾದರೂ ಹೋಗಿ ಕೂತು ಬಾ.

ಇನ್ನು ಹಬ್ಬದ ಸುದ್ದಿ. ಆರತಿಯ ತಲೆದೀಪಾವಳಿ, ಮದುವೆಯಾದ ಮೇಲಿನ ಮೊದಲ ದೀಪಾವಳಿ ಎಂದು ಮಗಳು, ಅಳಿಯ, ಬೀಗಿತ್ತಿ ಮೂವರೂ ಎರಡು ದಿನ ಮುಂಚೆಯೇ ಬಂದರು. ಬೆಳಗಿನ ಎಣ್ಣೆಸ್ನಾನಕ್ಕೆ ಮಣೆ ಹಾಕಿ ಕೂರಿಸಿದಾಗ ಆರತಿ ಬಾಗಿಲ ಕಡೆಗೇ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಪ್ರತಿ ದೀಪಾವಳಿಗೂ ಅವಳ ನೆತ್ತಿಗೆ ಎಣ್ಣೆ ಇಟ್ಟವಳು ನೀನು. ನಾನು ಇಡುತ್ತಿದ್ದರೆ "ಚಿಕ್ಕಮ್ಮನ ಕೈ ಹೀಗಿರಲ್ಲ" ಎಂದು ಮೆಲ್ಲಗೆ ಹೇಳಿದಳು. ನಾನು ಕೇಳಿಸದವಳಂತೆ ಸೀಗೇಪುಡಿ ಕಲಸಿದೆ.

ಅಳಿಯ ಕೌಶಿಕ್ ಬೇಡ ಎನ್ನಲು ಬಾರದ ಹುಡುಗ, ನಾನು ಸಾಕು ಎನ್ನಲು ಬಾರದ ಅತ್ತೆ. ಕಜ್ಜಾಯ, ಜಾಂಗಿರಿ, ಮೈಸೂರು ಪಾಕು, ಮೇಲೆ ಹೋಳಿಗೆ, ತುಪ್ಪ. ಮಧ್ಯಾಹ್ನದ ಹೊತ್ತಿಗೆ ಪಟಾಕಿ ಹಚ್ಚಬೇಕಾದ ಅಳಿಯ ಹೊಟ್ಟೆ ಹಿಡಿದುಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದ. ಬೀದಿಯ ಡಾಕ್ಟರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಓಮ ಹುಡುಕಲು ಉಗ್ರಾಣಕ್ಕೆ ಹೋದ ಆರತಿ ಅಕ್ಕಿ ಡ್ರಮ್ಮಿನ ಹಿಂದಿನಿಂದ ಒಂದು ಹಾರ್ಲಿಕ್ಸ್ ಬಾಟಲಿ ಹಿಡಿದು ಬಂದಳು. ಬಾಯಿಗೆ ಬಿಳಿ ಬಟ್ಟೆ, ಅದರ ಮೇಲೆ ನಿನ್ನ ಜೋಡಿಗಂಟು.

"ಅಮ್ಮಾ, ಇದು ಚಿಕ್ಕಮ್ಮನ ಲೇಹ್ಯ. ಸ್ನಾನ ಆದ ತಕ್ಷಣ ಎಲ್ಲರಿಗೂ ಕೊಡಬೇಕಿತ್ತಲ್ಲ, ಯಾಕೆ ಬಚ್ಚಿಟ್ಟಿದ್ದೀಯ?"

ಮರೆತೆ ಎಂದೆ. ಇಪ್ಪತ್ತೆರಡು ವರ್ಷ ಮರೆಯದವಳು ಮರೆತೆ ಎಂದರೆ ಯಾರು ನಂಬುತ್ತಾರೆ? ಅದನ್ನು ಕೊಟ್ಟರೆ ನಿನ್ನ ಮಾತು ಬರುತ್ತದೆ, ನೀನೇಕೆ ಬರಲಿಲ್ಲ ಎಂದು ಕೇಳುತ್ತಾರೆ, ಅದಕ್ಕೇ ಇಟ್ಟಿದ್ದೆ. ಕೌಶಿಕ್ ಎರಡು ನೆಲ್ಲಿಕಾಯಿ ಗಾತ್ರ ನುಂಗಿದ. ಒಂದು ಗಂಟೆಯೊಳಗೆ ಎದ್ದು ಕೂತು ಮಜ್ಜಿಗೆ ಅನ್ನ ಕೇಳಿದ. ಬೀಗಿತ್ತಿ ಬೆರಳಿಗೆ ಹತ್ತಿದ್ದನ್ನು ನಾಲಿಗೆಗಿಟ್ಟು, "ಸುಕ್ಕು, ತಿಪ್ಪಿಲಿ, ಮದ್ದಿನ ಸಾಮಾನು ಎಲ್ಲಾ ಕರೆಕ್ಟಾಗಿ ಬಿದ್ದಿದೆ. ನಮ್ಮಮ್ಮನ ಕೈ ನೆನಪಾಯ್ತು. ಇದು ಮಾಡಿದೋರು ಯಾಕೆ ಬರ್ಲಿಲ್ಲ?" ಅಂದರು.

"ಅವಳಿಗೆ ಮೈ ಹುಷಾರಿಲ್ಲ" ಎಂದೆ.

"ಹುಷಾರಿಲ್ದೋರನ್ನ ಹಬ್ಬದ ದಿನ ಒಂಟಿಯಾಗಿ ಬಿಡ್ತಾರಾ?"

ಅವರು ಚುಚ್ಚಿ ಕೇಳಲಿಲ್ಲ, ಸುಮ್ಮನೆ ಕೇಳಿದರು. ನಿನ್ನ ಭಾವ ಪೇಪರಿನಿಂದ ತಲೆಯೆತ್ತಿ ನನ್ನನ್ನೇ ನೋಡಿದರು. ನಾನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ನಿನ್ನ ಯಜಮಾನ ವ್ಯಾಸರಾಜನ ವರ್ಷಾಂತಿಕ ಮುಗಿದ ಮೇಲೆ ನಿನಗೆ ಇದೇ ಮೊದಲ ಹಬ್ಬ. ಆರತಿಯ ಮದುವೆಗೂ ನೀನು ಬರಲಾಗಲಿಲ್ಲ, ಆಗ ಸೂತಕದ ವರ್ಷ ಎಂದು ಎಲ್ಲರೂ ಒಪ್ಪಿದ್ದೆವು. ಈ ಸಲ ಮಾತ್ರ ನಾನೇ ಮುಂಚಿತವಾಗಿ ನಿನಗೆ ಬರೆದೆ: "ಗಲಾಟೆ ನಿನಗೆ ಆಗದು, ಬಸ್ಸಿನಲ್ಲಿ ಅಲೆಯಬೇಡ, ಮನೆಯಲ್ಲೇ ಆರಾಮವಾಗಿರು, ಆರೋಗ್ಯ ಮುಖ್ಯ." ಬರೆಯುವಾಗ ಎಷ್ಟು ಕಾಳಜಿಯ ಅಕ್ಕ ನಾನು ಎಂದುಕೊಂಡಿದ್ದೆ. ತಪ್ಪು ಮಾಡಿದೆ ತಂಗಿ. ಸಂಕ್ರಾಂತಿಗೆ ಖಂಡಿತ ಬಾ, ಹದಿನೈದು ದಿನ ಇರು.

ಬಾಟಲಿ ತೊಳೆದಿಟ್ಟಿದ್ದೇನೆ. ಆರತಿ ಉಳಿದ ಲೇಹ್ಯವನ್ನು ಡಬ್ಬಿಗೆ ಹಾಕಿಕೊಂಡು ಹೋದಳು. ದೇವರು ನಿನಗೆ ಹಸಿವು ಕೊಡಲಿ, ನಿದ್ದೆ ಕೊಡಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ಈಗ ನನಗೆ ತೋಚುತ್ತಿಲ್ಲ.

ಇತಿ ನಿನ್ನ ಅಕ್ಕ,
ಕಮಲಿನಿ

ತಾ.ಕ.: ಕವರು ಅಂಟಿಸಿದವಳು ಮತ್ತೆ ಹರಿದು ಬರೆಯುತ್ತಿದ್ದೇನೆ. ನಿನ್ನ ಕಾರ್ಡು ತಡವಾಗಿ ಬಂತು ಎಂದೆನಲ್ಲ, ಅದು ಸುಳ್ಳು. ಹಬ್ಬಕ್ಕೆ ನಾಲ್ಕು ದಿನ ಇರುವಾಗಲೇ ಬಂದಿತ್ತು. ಕಾಗದವನ್ನೇ ಬೇರೆ ಹಾಳೆಯಲ್ಲಿ ತಿದ್ದಿ ಬರೆಯಬಹುದಿತ್ತು, ಆದರೆ ನಾನು ಎಷ್ಟು ಸಲೀಸಾಗಿ ಸುಳ್ಳು ಬರೆಯುತ್ತೇನೆಂದು ನೀನೂ ನೋಡು.

"ಅಕ್ಕಾ, ನನಗೆ ಇಲ್ಲಿ ಒಬ್ಬಳೇ ಹಬ್ಬ ಕಳೆಯೋಕೆ ಆಗಲ್ಲ. ಹಿಂದಿನ ಬಾಗಿಲಿಂದ ಬರ್ತೀನಿ, ಅಡುಗೆಮನೆಯಲ್ಲೇ ಇದ್ದುಬಿಡ್ತೀನಿ, ಬೀಗರ ಕಣ್ಣಿಗೆ ಬೀಳಲ್ಲ. ಬರಲಾ?" ಎಂದು ನೀನು ಅದರಲ್ಲಿ ಬರೆದಿದ್ದೆ. ಅದನ್ನು ಬಚ್ಚಲ ಒಲೆಗೆ ಹಾಕಿದೆ. ಮಗಳ ಮೊದಲ ಹಬ್ಬದಲ್ಲಿ ಬೋಳು ಹಣೆಯವಳು ಎದುರಾದರೆ ಬೀಗಿತ್ತಿ ಏನೆನ್ನುತ್ತಾರೋ ಎಂದು ಹೆದರಿದೆ. ನಿನ್ನ ಆರೋಗ್ಯವಲ್ಲ ವಾರಿಜಾ, ಅದೇ ಕಾರಣ. ಹೊರಡುವಾಗ ಬೀಗಿತ್ತಿಯೇ ಹೇಳಿದರು, ಕೌಶಿಕನಿಗೆ ಮದುವೆಯಲ್ಲಿ ಮೊದಲ ಎಣ್ಣೆ ಇಟ್ಟವರು ಬೀಗಿತ್ತಿಯ ತಾಯಿ, ಹುಡುಗನ ಅಜ್ಜಿಯಂತೆ; ಆಕೆಯ ಗಂಡ ತೀರಿ ಆಗಲೇ ಇಪ್ಪತ್ತು ವರ್ಷವಾಗಿತ್ತಂತೆ. ಅವರ ಮನಸ್ಸಿನಲ್ಲಿ ಇಲ್ಲದ್ದು ನನ್ನ ಮನಸ್ಸಿನಲ್ಲಿತ್ತು.

ಸಂಕ್ರಾಂತಿಗೆ ಬಾ ಎಂದು ಕರೆಯುವ ಮುಖ ನನಗಿಲ್ಲ. ಬರುವ ಗುರುವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಹಿಂದಿನ ಬಾಗಿಲಿಂದ ಬಂದು ನಿನ್ನ ಅಡುಗೆಮನೆಯಲ್ಲಿ ಕೂತಿರುತ್ತೇನೆ. ಮುಂದಿನ ಕೋಣೆಗೆ ಕರೆಯುವುದು, ಬಿಡುವುದು ನಿನಗೆ ಸೇರಿದ್ದು.