ದರ್ಜಿ ತಾತ ತೋಳು ಮಡಿಸಿದರು

ಅಪ್ಪಾ,

ಇವತ್ತು ನಮ್ಮ ಮೆಡಿಕಲ್ ಶಾಪಿನಲ್ಲಿ ದರ್ಜಿ ತಾತ ಕೊನೆಗೂ ನ್ಯುಮೋನಿಯಾ ಲಸಿಕೆ ಹಾಕಿಸಿಕೊಂಡರು. ಬಿಪಿ ಮಾತ್ರೆಗೆ ಬಂದಾಗಲೆಲ್ಲ ಕೇಳಿ ಕೇಳಿ ನನಗೆ ಸಾಕಾಗಿಹೋಗಿತ್ತು. "ಜೀವಮಾನವೆಲ್ಲ ಸೂಜಿ ಹಿಡಿದವನು ಕಣಮ್ಮ ನಾನು. ನನಗೇ ಸೂಜಿ ಚುಚ್ತೀಯಾ?" ಎಂದು ನಗಿಸಿ ಜಾರಿಕೊಳ್ಳುತ್ತಿದ್ದರು.

ಕೌಂಟರಿಗೆ ಬರುವ ವಯಸ್ಸಾದವರನ್ನೆಲ್ಲ ಲಸಿಕೆ ಆಯಿತಾ ಎಂದು ಕೇಳುವುದು ನನ್ನ ಕೆಲಸ. ಮಾತ್ರೆ ಕೈಗೆ ಕೊಡುವ ಮುಂಚೆಯೇ ಕೇಳಬೇಕು, ಕೊಟ್ಟಮೇಲೆ ಯಾರೂ ನಿಲ್ಲುವುದಿಲ್ಲ. "ಇವಳು ಒಬ್ಬರನ್ನೂ ಬಿಡೋದಿಲ್ಲ" ಎಂದು ಫಾರ್ಮಸಿಸ್ಟ್ ಮೇಡಂ ಹೊಗಳುತ್ತಾರೆ. ಆಗ ನಾನು ಕಪಾಟಿನ ಕಡೆ ತಿರುಗಿಕೊಳ್ಳುತ್ತೇನೆ.

ನೀನು ಕೌಂಟರಿಗೆ ಬರಲೇ ಇಲ್ಲ. ಮಂಡಿನೋವಿನಲ್ಲಿ ಯಾಕೆ ನಡೆಯಬೇಕೆಂದು ನಿನ್ನ ಮಾತ್ರೆಗಳನ್ನು ನಾನೇ ತಂದು ಟಿವಿ ಪಕ್ಕ ಇಡುತ್ತಿದ್ದೆ. ಕೆಮ್ಮು ಶುರುವಾದಾಗ ಸಿರಪ್ಪನ್ನೂ ಅಲ್ಲೇ ಇಟ್ಟೆ. ಕೆಮ್ಮು ಎದೆಗಿಳಿದು ನ್ಯುಮೋನಿಯಾ ಆದ ಮೇಲೆ ನೀನು ಆಸ್ಪತ್ರೆಯಿಂದ ವಾಪಸು ಬರಲಿಲ್ಲ. ಈಗ ಮನೆಗೆ ಬರುವಾಗ ನನ್ನ ಬ್ಯಾಗಿನಲ್ಲಿ ಖಾಲಿ ಊಟದ ಡಬ್ಬಿ ಮಾತ್ರ ಇರುತ್ತದೆ.

ತಾತ ಇವತ್ತು ನನ್ನ ಮುಖ ನೋಡಿ ಕೇಳಿದರು: "ನಿಜ ಹೇಳು, ನಿಮ್ಮಪ್ಪಂಗೂ ಹಾಕಿಸಿದ್ದೀಯಾ?"

"ಹೂಂ ತಾತ. ಮೊದಲು ಅವರಿಗೇ."

"ಹಾಗಾದ್ರೆ ಸರಿ" ಎಂದು ಅಂಗಿಯ ತೋಳನ್ನು ನೀಟಾಗಿ ಮೂರು ಮಡಿಕೆ ಮಡಿಸಿದರು. ಮೇಡಂ ಚುಚ್ಚಿ ಮುಗಿಸುವವರೆಗೂ ತಾತ ನನ್ನ ಕೈ ಹಿಡಿದುಕೊಂಡೇ ಇದ್ದರು.

ಹೋಗುವಾಗ ಬಾಗಿಲಲ್ಲಿ ನಿಂತು, "ಒಂಚೂರೂ ನೋವಾಗ್ಲಿಲ್ಲ ಅಂತ ನಿಮ್ಮಪ್ಪಂಗೆ ಹೇಳಮ್ಮ" ಎಂದರು.

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ, ಅಪ್ಪಾ. ಒಂಚೂರೂ ನೋವಾಗಲಿಲ್ಲವಂತೆ.